ಯಾರೂ ಬಿಚ್ಚದ ಮೂರು ಸ್ಕ್ರೂ

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಗೆರೆ ಹಾಕಿದ ಹಾಳೆಯಲ್ಲಿ ಬರೆದರೂ ಸಾಲು ಬಲಕ್ಕೆ ಹೋಗುತ್ತಾ ಮೇಲಕ್ಕೆ ಏರುತ್ತದೆ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು ನಾನು, ಪದಗಳೂ ಹೆಚ್ಚು ಗೊತ್ತಿಲ್ಲ. ಇದನ್ನು ಎರಡು ಸಲ ಪೆನ್ಸಿಲ್ಲಿನಲ್ಲಿ ಬರೆದು, ಮೂರನೇ ಸಲ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ತಪ್ಪುಗಳಿದ್ದರೆ ಅವು ನನ್ನವು, ನ್ಯಾನಳವಲ್ಲ.

ನ್ಯಾನ್ ಎಂದರೆ ನನ್ನ ಅಮ್ಮನ ತಾಯಿ, ಎಲ್ವಾ ಡಿರೀನ್. ನಮ್ಮ ಹ್ಯೂವನ್ ಕಣಿವೆಯ ತಿಂಗಳ ಹಾಳೆಯಲ್ಲಿ ‘ನಮ್ಮವರು’ ಎಂಬ ಒಂದು ಪುಟ ಬರುತ್ತದಲ್ಲ, ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಆ ಪುಟದಲ್ಲಿ ಚೆಂಡಾಟದ ಕಪ್ ಗೆದ್ದವರು, ಎಲ್ಲರಿಗಿಂತ ದೊಡ್ಡ ಕುಂಬಳಕಾಯಿ ಬೆಳೆದವರು, ಮದುವೆಯಾಗಿ ಐವತ್ತು ವರ್ಷ ತುಂಬಿದವರು ಬರುತ್ತಾರೆ. ನ್ಯಾನ್ ಯಾವ ಕಪ್ಪನ್ನೂ ಗೆದ್ದಿಲ್ಲ. ಆದರೂ ಅವಳ ಬಗ್ಗೆ ಬರೆಯಲೇಬೇಕಾಗಿದೆ, ಏಕೆಂದರೆ ಬೇರೆಯವರು ಈಗಾಗಲೇ ಬರೆದಿಟ್ಟಿದ್ದಾರೆ. ನಮ್ಮ ಬಾಡಿಗೆ ಮನೆಯನ್ನು ನೋಡಿಕೊಳ್ಳುವ ಆಫೀಸಿನ ಕಡತದಲ್ಲಿ ಅವಳ ಹೆಸರಿನ ಮುಂದೆ ‘ಒಲೆಯನ್ನು ಅಜಾಗರೂಕತೆಯಿಂದ ಬಳಸಿದ್ದಾರೆ’ ಎಂದು ಇದೆ. ಅದು ಸುಳ್ಳು. ಆ ಸುಳ್ಳಿನೊಳಗೆ ನನ್ನದೊಂದು ಮಾತೂ ಇದೆ.

ನ್ಯಾನಳಿಗೆ ಎಪ್ಪತ್ತೊಂದು ವರ್ಷ. ಇಪ್ಪತ್ತಾರು ವರ್ಷ ಸೇಬಿನ ಶೆಡ್ಡಿನಲ್ಲಿ ನಿಂತು ಪೆಟ್ಟಿಗೆ ತುಂಬಿದವಳು. ಸೇಬಿಗೆ ಪೆಟ್ಟು ಬೀಳಬಾರದೆಂದು ಅವಳ ಕೈ ಯಾವುದನ್ನೂ ಎಸೆಯದೆ ಇಡುವುದನ್ನು ಕಲಿತಿತ್ತು. ಈಗಲೂ ಚಮಚವನ್ನಾಗಲಿ ಬೀಗದ ಕೈಯನ್ನಾಗಲಿ ಅವಳು ಎಸೆದದ್ದನ್ನು ನಾನು ನೋಡಿಲ್ಲ. ಸೌದೆಯನ್ನೂ ಹಾಗೆಯೇ ಇಡುತ್ತಾಳೆ. ಅಮ್ಮ ದೂರದ ಗಣಿ ಕ್ಯಾಂಪಿನಲ್ಲಿ ಅಡುಗೆ ಕೆಲಸ ಮಾಡುತ್ತಾಳೆ, ಆದ್ದರಿಂದ ಆರು ವರ್ಷದಿಂದ ನಾನು ನ್ಯಾನಳ ಜೊತೆಗಿದ್ದೇನೆ. ನಮ್ಮ ಹಲಗೆ ಮನೆ ಗುಡ್ಡದ ದಕ್ಷಿಣ ಮಗ್ಗುಲಿಗಿದೆ, ನಮ್ಮ ಕಡೆ ಅದು ನೆರಳಿನ ಮಗ್ಗುಲು. ಜೂನ್ ತಿಂಗಳ ನಡು ಚಳಿಗಾಲದಲ್ಲಿ ಮಧ್ಯಾಹ್ನ ಎರಡೂವರೆಗೆಲ್ಲ ಬಿಸಿಲು ಹೋಗಿಬಿಡುತ್ತದೆ. ಆಮೇಲೆ ಮನೆಯಲ್ಲಿ ಬೆಚ್ಚಗೆ ಇರುವುದು ಒಂದೇ, ನಡುಮನೆಯ ಕಬ್ಬಿಣದ ಒಲೆ. ಅದರ ಮೇಲೆ ಕೆಟಲ್, ಅದರ ಮುಂದೆ ಹಗ್ಗದ ಮೇಲೆ ನಮ್ಮ ಕಾಲುಚೀಲಗಳು, ಅದರ ಪಕ್ಕದಲ್ಲಿ ನ್ಯಾನಳ ಕುರ್ಚಿ.

ಈ ಒಲೆಯನ್ನು ಅವಳು ಹೇಗೆ ನೋಡಿಕೊಳ್ಳುತ್ತಾಳೆಂದು ಸರಿಯಾಗಿ ಬರೆಯುತ್ತೇನೆ, ಯಾಕೆಂದರೆ ಆಫೀಸಿನವರು ಸರಿಯಾಗಿ ಬರೆಯಲಿಲ್ಲ. ಈ ಚಳಿಗಾಲ ಉರಿಯುವ ಸೌದೆಯನ್ನು ಸೀಳಿ ಎರಡು ಬೇಸಿಗೆಗಳಾಗಿವೆ. ಸ್ಟ್ರಿಂಗಿಬಾರ್ಕ್ ಎಂಬ ಜಾತಿಯ ನೀಲಗಿರಿ ಅದು. ತೊಗಟೆ ಮೇಲೆ ಬರುವಂತೆ ಪೇರಿಸಿ, ರಾಶಿಯ ತುದಿಯಲ್ಲಿ ಸೀಮೆಸುಣ್ಣದಿಂದ ವರ್ಷ ಬರೆಯುತ್ತಾಳೆ. ಒಳಗೆ ತರುವ ಮೊದಲು ಎರಡು ತುಂಡುಗಳನ್ನು ಒಂದಕ್ಕೊಂದು ಬಡಿಯುತ್ತಾಳೆ. ಠಣ್ ಎಂದರೆ ಒಳಗೆ, ಧಪ್ ಎಂದರೆ ಮತ್ತೆ ರಾಶಿಗೆ. ಬೂದಿಯನ್ನು ಪೂರ್ತಿ ಬಳಿದು ತೆಗೆಯುವುದಿಲ್ಲ, ಎರಡು ಬೆರಳಿನಷ್ಟು ಬಿಡುತ್ತಾಳೆ, ಕೆಂಡಕ್ಕೆ ಹಾಸಿಗೆ ಬೇಕು ಎಂದು. ಒದ್ದೆ ಕಾಗದಕ್ಕೆ ಅದೇ ಬೂದಿ ಹಚ್ಚಿ ಬಾಗಿಲಿನ ಗಾಜನ್ನು ಉಜ್ಜುತ್ತಾಳೆ. ಸೌದೆ ಹಾಕಿದ ಮೇಲೆ ಒಲೆಗೆ ಗಾಳಿ ಬಿಡುವ ಹಿಡಿಯನ್ನು ಇಪ್ಪತ್ತು ನಿಮಿಷ ಪೂರ್ತಿ ತೆರೆದಿಡಬೇಕು. ಎಲ್ಲ ತುಂಡುಗಳಿಗೂ ಬೆಂಕಿ ಹತ್ತಿಕೊಂಡ ಮೇಲೆ ಮಾತ್ರ ಅರ್ಧಕ್ಕೆ ಎಳೆಯಬೇಕು. ಪೂರ್ತಿ ಯಾವತ್ತೂ ಮುಚ್ಚಬಾರದು. ಆ ಅರ್ಧದ ಜಾಗ ತಿಳಿಯಲೆಂದು ಹಿಡಿಯ ಪಕ್ಕದಲ್ಲಿ ನನಗಾಗಿ ಒಂದು ಗೀಟು ಕೆತ್ತಿದ್ದಾಳೆ.

ನಮ್ಮ ಕಣಿವೆಯಲ್ಲಿ ಮುಕ್ಕಾಲು ಮಂದಿ ಮಲಗುವ ಮುಂಚೆ ಒಲೆ ತುಂಬ ಸೌದೆ ತುಂಬಿ ಗಾಳಿ ಮುಚ್ಚಿಬಿಡುತ್ತಾರೆ, ಬೆಳಗಿನವರೆಗೂ ಕೆಂಡ ಉಳಿಯಲಿ ಎಂದು. ಉಳಿಯುತ್ತದೆ ನಿಜ. ಆದರೆ ಉಸಿರು ಕಟ್ಟಿದ ಬೆಂಕಿ ಹೊಗೆಯಾಡಿ ಕೊಳವೆಯ ಒಳಗೆಲ್ಲ ಕರಿ ಜಿಡ್ಡು ಬಳಿಯುತ್ತದೆ. ಆ ಜಿಡ್ಡಿಗೆ ಒಂದು ದಿನ ಕಿಡಿ ತಗಲುತ್ತದೆ. ಕೆಳಗಿನ ಮನೆಯ ಮರ್ವ್ ಹೀಗೆ ಮಾಡುವವರಲ್ಲಿ ಮೊದಲಿಗ. ಹಿಮ ಬಿದ್ದ ಬೆಳಿಗ್ಗೆ ಅವನ ಹೊಗೆ ಕಂಬಳಿಯಂತೆ ರಸ್ತೆಯ ಮೇಲೆ ಮಲಗಿರುತ್ತದೆ.

“ಮರ್ವ್, ಇವತ್ತು ಇಡೀ ಕಣಿವೆಗೇ ಸಾಲ್ಮನ್ ಮೀನು ಹೊಗೇಲಿ ಬೇಯಿಸ್ತಿದ್ದೀಯೇನಪ್ಪಾ?” ಎಂದು ನ್ಯಾನ್ ಬೇಲಿಯಿಂದ ಕೂಗುತ್ತಿದ್ದಳು.

“ನಿನ್ನ ಒಲೆ ರಾಣಿ, ನನ್ನದು ಕೂಲಿ ಕಣೇ ಎಲ್ವಾ!”

“ಕೂಲಿಗೂ ಉಸಿರು ಬೇಕು ಕಣೋ!”

ಇಂಥವಳನ್ನು ಅಜಾಗರೂಕಳೆಂದು ಬರೆದಿದ್ದಾರೆ.

ಇನ್ನು ಕೊಳವೆಯ ವಿಷಯ. ಬಾಡಿಗೆದಾರರು ಮಾಡು ಹತ್ತಬಾರದು ಎಂದು ಕರಾರಿನಲ್ಲಿದೆ. ವರ್ಷಕ್ಕೊಮ್ಮೆ ಕೊಳವೆ ಗುಡಿಸುವುದು ಆಫೀಸಿನ ಕೆಲಸ. ಎರಡು ವರ್ಷದ ಹಿಂದೆ ಹಕ್ಕಿ ಗೂಡು ಕಟ್ಟಿತೆಂದು ಅವರೇ ಒಬ್ಬನನ್ನು ಕಳಿಸಿ, ಕೊಳವೆಯ ತುದಿಯ ಟೋಪಿಗೆ ಸಣ್ಣ ಕಣ್ಣಿನ ಜಾಲರಿ ಸುತ್ತಿಸಿ, ಮೂರು ಸ್ಕ್ರೂ ಬಿಗಿಸಿದರು. ಆಮೇಲೆ ಯಾರೂ ಮೇಲಕ್ಕೆ ಹತ್ತಲಿಲ್ಲ. ಹೋದ ವರ್ಷ ಯಾರೂ ಬರಲೇ ಇಲ್ಲ. ಈ ವರ್ಷ ಬಂದವನ ವಿಷಯ ನ್ಯಾನಳ ಕ್ಯಾಲೆಂಡರಿನಲ್ಲಿ ಅವಳದೇ ಅಕ್ಷರದಲ್ಲಿದೆ: ‘ಮಾರ್ಚ್ 12. ಕೊಳವೆಯವನು ಬಂದ. ಏಣಿ ಗಿಡ್ಡವಂತೆ. ಉದ್ದದ್ದು ತರುತ್ತಾನಂತೆ. ಎರಡು ಸ್ಕೋನ್ ತಿಂದ.’ ನ್ಯಾನ್ ಸುಟ್ಟ ಬಿಸಿ ಬನ್ನುಗಳನ್ನು ತಿಂದು ಹೋದ, ಉದ್ದದ ಏಣಿ ಬರಲಿಲ್ಲ. ಏಪ್ರಿಲಿನಲ್ಲಿ ಒಲೆ ಹಚ್ಚಿದಾಗ ಬಾಗಿಲು ತೆರೆದರೆ ಸಾಕು, ಹೊಗೆ ಮುಖಕ್ಕೆ ಬರುತ್ತಿತ್ತು. ನ್ಯಾನ್ ಎರಡು ಸಲ ಆಫೀಸಿಗೆ ಫೋನ್ ಮಾಡಿದಳು. ‘ಪಟ್ಟಿಯಲ್ಲಿದೆ’ ಎಂದರು.

ಜೂನ್ ಎರಡನೇ ವಾರದ ಒಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಓಟ್ಸ್ ಗಂಜಿ ಕಲಕುತ್ತಿದ್ದೆ. ನಡುಮನೆಯಿಂದ ಗೂಡ್ಸ್ ರೈಲು ಬಂದಂತೆ ಸದ್ದು. ಒಲೆಯ ಮೇಲಿನ ಕೊಳವೆ ಗಡಗಡ ನಡುಗುತ್ತಿತ್ತು. ನಾನು ಕೈಯಲ್ಲಿ ಚಮಚ ಹಿಡಿದು ನಿಂತೇಬಿಟ್ಟೆ. ನ್ಯಾನ್ ಓಡದೆ, ನಡೆದೇ ಬಂದಳು. ಒಲೆಯ ಬಾಗಿಲು ಭದ್ರವಾಗಿದೆಯೇ ಎಂದು ನೋಡಿದಳು. ಆರು ವರ್ಷದಲ್ಲಿ ಮೊದಲ ಸಲ ಗಾಳಿಯ ಹಿಡಿಯನ್ನು ಪೂರ್ತಿ ಮುಚ್ಚಿದಳು.

“ಕೋಟು ಹಾಕ್ಕೋ ಮಗಾ. ಗಂಜಿ ಕೆಳಗಿಳಿಸು. ಹೊರಗೆ ನಡಿ,” ಎಂದಳು.

ಊರಿನ ಅಗ್ನಿದಳದವರು ಬರುವ ಹೊತ್ತಿಗೆ ಬೆಂಕಿ ಕೊಳವೆಯ ಅರ್ಧಕ್ಕೇ ಸತ್ತಿತ್ತು. ಹೆಂಗಸು ಗಾಬರಿಯಾಗದೆ ಗಾಳಿ ಮುಚ್ಚಿದ್ದರಿಂದ ಮನೆ ಉಳಿಯಿತು ಎಂದು ಅವರೇ ಹೇಳಿದರು. ಕೊಳವೆ ಸೊಟ್ಟಗಾಗಿತ್ತು, ಸೂರಿನ ಒಂದು ಹಲಗೆ ಬಿಸಿಗೆ ಕಂದು ಬಣ್ಣಕ್ಕೆ ತಿರುಗಿತ್ತು, ಅಷ್ಟೆ.

ಎರಡು ದಿನದ ಮೇಲೆ ಆಫೀಸಿನಿಂದ ಡ್ಯಾಮಿಯನ್ ಎಂಬಾತ ಬಂದ. ಬೂಟಿಗೆ ಒಂದು ಚೂರು ಕೆಸರಿರಲಿಲ್ಲ. ನ್ಯಾನ್ ಮಂಡಿನೋವನ್ನು ಡಾಕ್ಟರಿಗೆ ತೋರಿಸಲು ಪೇಟೆಗೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ. ಗೊತ್ತಿಲ್ಲದವರ ಎದುರು ನನಗೆ ಮಾತು ಬರುವುದಿಲ್ಲ. ಶಾಲೆ ಬಿಟ್ಟದ್ದೂ ಅದಕ್ಕೇ. ಎದ್ದು ನಿಂತು ಗಟ್ಟಿಯಾಗಿ ಓದು ಎಂದರೆ ಗಂಟಲು ಕಟ್ಟಿಬಿಡುತ್ತಿತ್ತು, ಎಲ್ಲರೂ ಕಾಯುತ್ತಿದ್ದರು.

“ಮಲಗೋ ಮುಂಚೆ ಈ ಗಾಳಿ ಹಿಡಿ ಮುಚ್ತೀರಾ?” ಎಂದು ಆತ ಕೇಳಿದ, ಕೈಯಲ್ಲಿದ್ದ ಟ್ಯಾಬ್ಲೆಟ್ ನೋಡುತ್ತಲೇ.

“ಹೌದು,” ಎಂದೆ. “ಆದ್ರೆ…”

“ಸಾಕು ಸಾಕು, ಥ್ಯಾಂಕ್ಸ್,” ಎಂದ. ಆತನ ಬೆರಳು ಆಗಲೇ ಒತ್ತಿಯಾಗಿತ್ತು. ಮುಚ್ಚುವುದು ಗೀಟಿನವರೆಗೆ, ಅರ್ಧ ಮಾತ್ರ ಎಂಬುದು ನನ್ನ ಬಾಯಲ್ಲೇ ಉಳಿಯಿತು. ಒಲೆಯ ಎರಡು ಫೋಟೋ ತೆಗೆದ. ಮಾಡಿನ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಸೌದೆಯ ರಾಶಿಯನ್ನು ದಾಟಿಯೇ ಹೋದ, ಅದರ ಮೇಲಿನ ಇಸವಿಯನ್ನು ಓದಲಿಲ್ಲ. ಆತ ಒಳಗಿದ್ದದ್ದು ಆರು ನಿಮಿಷ. ಆತ ಬಂದಾಗಲೂ ಹೋದಾಗಲೂ ನಾನು ಗಡಿಯಾರ ನೋಡಿದ್ದೇನೆ.

ಮುಂದಿನ ವಾರ ಕಾಗದ ಬಂತು. ನ್ಯಾನ್ ಕನ್ನಡಕ ಹಾಕಿಕೊಂಡು ಅಡುಗೆಮನೆಯ ಮೇಜಿನ ಬಳಿ ನಿಂತೇ ಓದಿದಳು. ಬಾಡಿಗೆದಾರರ ಅಜಾಗರೂಕ ಬಳಕೆಯಿಂದ ಕೊಳವೆಗೆ ಬೆಂಕಿ ಬಿದ್ದಿದೆ. ರಾತ್ರಿಯಿಡೀ ಗಾಳಿ ಮುಚ್ಚಿಡುತ್ತಿದ್ದುದನ್ನು ಮನೆಯಲ್ಲಿ ವಾಸಿಸುವವರೇ ಒಪ್ಪಿಕೊಂಡಿದ್ದಾರೆ. ಕೊಳವೆಯನ್ನು ಹೋದ ವರ್ಷವೂ, ಈ ವರ್ಷದ ಮಾರ್ಚ್ ಹನ್ನೆರಡರಂದೂ ಗುಡಿಸಿದ ದಾಖಲೆ ಇದೆ. ಆದ್ದರಿಂದ ತಿಂಗಳ ಕೊನೆಯ ದಿನ ಒಲೆಯನ್ನು ತೆಗೆದುಕೊಂಡು ಹೋಗಲಾಗುವುದು, ಬದಲಿಗೆ ಗೋಡೆಗೆ ಒಂದು ಕರೆಂಟ್ ಹೀಟರ್ ಹಾಕಲಾಗುವುದು. ಅಲ್ಲಿಯವರೆಗೆ ಒಲೆ ಹಚ್ಚಕೂಡದು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಇಲ್ಲಿ ಎತ್ತನ್ನು ಯಾರೂ ನೋಡಿರಲೂ ಇಲ್ಲ.

“ಒಪ್ಪಿಕೊಂಡೋರು ಯಾರು?” ಎಂದಳು ನ್ಯಾನ್.

“ನಾನು.” ನಡೆದದ್ದನ್ನೆಲ್ಲ ಹೇಳಿದೆ. ಹೇಳಿ ಮುಗಿಸುವುದರೊಳಗೆ ಅಳು ಬಂತು.

“ಸುಳ್ಳು ಹೇಳಿದ್ಯಾ?”

“ಇಲ್ಲ.”

“ಮತ್ಯಾಕೆ ಅಳ್ತೀ? ನೀನು ಅರ್ಧ ಹೇಳ್ದೆ, ಅದು ನಾಚಿಕೆ. ಅವ್ನು ಅರ್ಧನೇ ಬರ್ಕೊಂಡು ಹೋದ, ಅದು ಕಳ್ಳತನ. ಮುಖ ತೊಳ್ಕೋ ಹೋಗು.” ಆಮೇಲೆ ಕಾಗದವನ್ನು ಮಡಚಿ, ಎಸೆಯದೆ, ಕೆಟಲ್ಲಿನ ಕೆಳಗೆ ಇಟ್ಟಳು. “ನಲವತ್ತು ವರ್ಷ ಬೆಂಕಿ ಸಾಕಿದ್ದೀನಿ. ನನ್ನ ಕೈಯಲ್ಲಿ ಒಂದು ಪರದೆ ಸುಟ್ಟಿಲ್ಲ. ಅಜಾಗರೂಕಳಂತೆ!”

ಆಫೀಸಿಗೆ ಫೋನ್ ಮಾಡಿದಳು. ನಲವತ್ತು ನಿಮಿಷ ಸಂಗೀತ ಕೇಳಿಸಿದರು. ಕ್ಯಾಲೆಂಡರಿನಲ್ಲಿ ಬರೆದದ್ದನ್ನು ಓದಿ ಹೇಳಿದಳು. ಮನೆಯ ಕ್ಯಾಲೆಂಡರ್ ದಾಖಲೆಯಲ್ಲ ಎಂದರು. ಗುಡಿಸಿದ್ದಕ್ಕೆ ಅವರ ಹಾಳೆಯಲ್ಲಿ ಗುರುತು ಹಾಕಿದೆಯಂತೆ, ಅದು ದಾಖಲೆಯಂತೆ. ಸ್ಕೋನ್ ತಿಂದು ಹೋದವನ ಗುರುತು ದಾಖಲೆ, ಸ್ಕೋನ್ ಮಾಡಿ ಕೊಟ್ಟವಳ ಬರಹ ದಾಖಲೆಯಲ್ಲ.

ಬೆಂಕಿ ಬಿದ್ದ ಮೇಲೆ ಒಲೆ ಹಚ್ಚದೆ ಹತ್ತು ದಿನ ಕಳೆದೆವು. ಬೆಳಿಗ್ಗೆ ಕಿಟಕಿಯ ಒಳಮೈಗೆ ಹಿಮ ಕಟ್ಟಿರುತ್ತಿತ್ತು. ನ್ಯಾನ್ ಕೋಟು ಹಾಕಿಕೊಂಡು, ಮಡಿಲಲ್ಲಿ ಬಿಸಿನೀರಿನ ಚೀಲ ಇಟ್ಟುಕೊಂಡು, ಆರಿದ ಒಲೆಯ ಮುಂದೆಯೇ ಕೂರುತ್ತಿದ್ದಳು. ಮಂಡಿ ಬಾತುಕೊಂಡು ಎದ್ದೇಳಲು ಎರಡು ಸಲ ಪ್ರಯತ್ನ ಪಡಬೇಕಾಗುತ್ತಿತ್ತು. ಹೊರಗೆ ಎರಡು ವರ್ಷ ಒಣಗಿದ ಸೌದೆ, ಮಾಡಿನ ಎತ್ತರಕ್ಕೆ.

ಹನ್ನೊಂದನೇ ದಿನ ನೊಯೆಲೀನ್ ಬಂದರು. ಅವರು ಹೊಗೆ ಕೊಳವೆ ಗುಡಿಸುವವರು, ಹಿಂದೆ ಸೇಬಿನ ಶೆಡ್ಡಿನಲ್ಲಿ ನ್ಯಾನಳ ಪಕ್ಕದಲ್ಲಿ ನಿಲ್ಲುತ್ತಿದ್ದವರು. ಮಾಡು ಹತ್ತಬಾರದೆಂಬುದು ಬಾಡಿಗೆದಾರರಿಗೆ ತಾನೇ, ನನಗಲ್ಲವಲ್ಲ ಎಂದು ಸೀದಾ ಏಣಿ ಹಾಕಿದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಜೋರಾದ ನಗು ಕೇಳಿಸಿತು. ನಗು ನಿಂತ ಮೇಲೆ ಕೆಟ್ಟ ಬೈಗುಳ. ಅದನ್ನು ಬರೆಯುವುದಿಲ್ಲ.

“ಎಲ್ವಾ! ಮಾರ್ಚಲ್ಲಿ ಗುಡ್ಸಿದ್ರಂತೆ ಅಂದ್ಯಲ್ಲಾ, ಮಂತ್ರ ಹಾಕಿ ಗುಡ್ಸಿದ್ರೇನೇ?”

“ಯಾಕೇ? ಏನಿದೆ ಅಲ್ಲಿ?”

ನೊಯೆಲೀನ್ ಇಳಿದು ಬಂದು ಫೋನಿನಲ್ಲಿ ತೆಗೆದ ಫೋಟೋ ತೋರಿಸಿದರು. ಟೋಪಿಯ ಜಾಲರಿಯ ಕಣ್ಣುಗಳೆಲ್ಲ ಮುಚ್ಚಿ ಹೋಗಿದ್ದವು. ಹೊಗೆ ಹೋಗಲು ದಾರಿ ಇಲ್ಲದೆ ತಣ್ಣಗಾಗಿ, ಜಿಡ್ಡು ಹೊರಗೂ ಸುರಿದು, ಟೋಪಿಯ ಅಂಚಿನಿಂದ ಕೊಳವೆಗೆ ಮೇಣದ ಬತ್ತಿಯಂತೆ ಇಳಿದು ಗಟ್ಟಿಯಾಗಿತ್ತು. ಕಪ್ಪು ಗಾಜಿನಂತೆ ಹೊಳೆಯುತ್ತಿತ್ತು. ಬೆಂಕಿ ಅಲ್ಲಿಯವರೆಗೆ ಏರಿರಲಿಲ್ಲವಲ್ಲ, ಆದ್ದರಿಂದ ಎಲ್ಲ ಹಾಗೆಯೇ ಉಳಿದಿತ್ತು.

“ಸ್ಕ್ರೂ ಎಲ್ಲಿದೆ ಹೇಳು ನೋಡೋಣ,” ಎಂದು ನೊಯೆಲೀನ್ ನನ್ನನ್ನು ಕೇಳಿದರು.

ಎಷ್ಟು ಹುಡುಕಿದರೂ ಕಾಣಲಿಲ್ಲ. ಆಗ ಅರ್ಥವಾಯಿತು. ಟೋಪಿ ಬಿಚ್ಚದೆ ಆ ಕೊಳವೆಗೆ ಬ್ರಷ್ ಇಳಿಸಲು ಬರುವುದಿಲ್ಲ. ಸ್ಕ್ರೂ ತೆಗೆಯದೆ ಟೋಪಿ ಬಿಚ್ಚಲು ಬರುವುದಿಲ್ಲ. ಸ್ಕ್ರೂಗಳು ಎರಡು ಚಳಿಗಾಲದ ಜಿಡ್ಡಿನ ಕೆಳಗಿದ್ದವು, ಆ ಜಿಡ್ಡಿನಲ್ಲಿ ಒಂದು ಬಿರುಕೂ ಇರಲಿಲ್ಲ.

“ಈಗ್ಲೇ ಬಿಚ್ಚಿ ಗುಡಿಸ್ಬಿಡು ನೊಯೆಲೀನ್. ನನ್ನ ಮಂಡಿ ಸಾಯ್ತಿದೆ,” ಎಂದಳು ನ್ಯಾನ್.

“ಬಿಚ್ಚಿದ್ರೆ ಸಾಕ್ಷಿ ಹೋಗಿ ನೀನೇ ಕಳ್ಳಿ ಆಗ್ತೀಯ ಕಣೇ. ಫೋಟೋ ಕಳ್ಸಿದ್ರೆ ಯಾರ ಮನೇದೋ ಅಂತಾರೆ. ತಿಂಗಳ ಕೊನೆಗೆ ಅವ್ರೇ ಬರ್ತಾರಲ್ಲ, ಬರ್ಲಿ. ಇನ್ನಾರು ದಿನ ತಡ್ಕೋ.”

ನ್ಯಾನ್ ತಡೆದುಕೊಂಡಳು. ಆ ಆರು ದಿನ ಅವಳು ಒಮ್ಮೆಯೂ ಮಂಡಿಯ ಮಾತು ಎತ್ತಲಿಲ್ಲ.

ಕೊನೆಯ ದಿನ ಬೆಳಿಗ್ಗೆಯೇ ನೊಯೆಲೀನ್ ಮಾಡು ಹತ್ತಿ, ಟೋಪಿಗಿಂತ ಒಂದು ಗೇಣು ಕೆಳಗೆ ಕೊಳವೆಯನ್ನು ಗರಗಸದಿಂದ ಕೊಯ್ದರು. ಸೊಟ್ಟಗಾದ ಕೊಳವೆ ಹೇಗೂ ಬದಲಾಗಬೇಕಿತ್ತು. ಆ ತುಂಡನ್ನು ನಾನು ಹಗ್ಗದಲ್ಲಿ ಇಳಿಸಿಕೊಂಡೆ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ನಡುವೆ ಅದನ್ನು ನಿಲ್ಲಿಸಿದೆವು. ಒಂದು ಪಕ್ಕಕ್ಕೆ ಸ್ಕ್ರೂಡ್ರೈವರ್. ಇನ್ನೊಂದು ಪಕ್ಕಕ್ಕೆ ನ್ಯಾನ್ ತಟ್ಟೆ ತುಂಬ ಸ್ಕೋನ್ ಇಟ್ಟಳು.

ಹತ್ತು ಗಂಟೆಗೆ ಡ್ಯಾಮಿಯನ್ ಬಂದ. ಜೊತೆಗೆ ಒಲೆ ಹೊರುವುದಕ್ಕೆ ವಯಸ್ಸಾದ ಒಬ್ಬ ಕೆಲಸಗಾರ.

“ಬನ್ನಿ, ಬನ್ನಿ. ಮೊದ್ಲು ಟೀ ಕುಡೀರಿ,” ಎಂದಳು ನ್ಯಾನ್.

“ನಮಗೆ ಟೈಮಿಲ್ಲ ಮೇಡಂ.”

“ಹಿಂದೆ ಬಂದೋನಿಗೆ ಗುಡ್ಸೋಕೆ ಟೈಮಿರ್ಲಿಲ್ಲ, ತಿನ್ನೋಕಿತ್ತು. ನಿಮಗೆ ಎರಡಕ್ಕೂ ಇಲ್ಲ. ಒಂದು ನಿಮಿಷ ಸಾಕು. ಇದು ನಿಮ್ಮ ಆಫೀಸಿನ ಟೋಪಿ. ಮಾರ್ಚ್ ಹನ್ನೆರಡಕ್ಕೆ ಇದನ್ನ ಬಿಚ್ಚಿ ಒಳಗೆ ಗುಡಿಸಿದೀವಿ ಅಂತ ಬರ್ದಿದ್ದೀರಿ. ತಗೊಳ್ಳಿ ಸ್ಕ್ರೂಡ್ರೈವರ್. ಬಿಚ್ಚಿ ತೋರ್ಸಿ. ನೀವು ಬಿಚ್ಚಿದ್ರೆ ಒಲೆ ನಾನೇ ಹೊತ್ತು ನಿಮ್ಮ ಗಾಡೀಲಿ ಇಡ್ತೀನಿ.”

ಡ್ಯಾಮಿಯನ್ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಟ್ಯಾಬ್ಲೆಟ್ಟನ್ನು ಎದೆಗೆ ಹಿಡಿದು ನಿಂತ. ಕೆಲಸಗಾರ ಮಾತ್ರ ಬಗ್ಗಿ, ಟೋಪಿಯನ್ನು ಸುತ್ತಲೂ ತಿರುಗಿಸಿ, ಉಗುರಿನಿಂದ ಒಂದು ಕಡೆ ಗೀರಿದ. ಜಿಡ್ಡು ಕದಲಲಿಲ್ಲ. ಸ್ಕ್ರೂಡ್ರೈವರಿನ ತುದಿಯಿಂದ ಜೋರಾಗಿ ಕುಟ್ಟಿದ. ಒಂದು ಚಕ್ಕೆ ಎದ್ದು ಸ್ಕೋನಿನ ತಟ್ಟೆಗೆ ಬಿತ್ತು. ಅದರ ಕೆಳಗೆ ಸ್ಕ್ರೂವಿನ ತಲೆ ಇತ್ತು, ಅಂಗಡಿಯಿಂದ ತಂದಷ್ಟು ಹೊಸದಾಗಿ.

“ಬಾಸ್,” ಎಂದ ಆತ, ಡ್ಯಾಮಿಯನ್ನನ ಮುಖ ನೋಡದೆ. “ಇದನ್ನ ಬಿಗಿಸಿದ್ಮೇಲೆ ಯಾರೂ ಮುಟ್ಟೇ ಇಲ್ಲ.”

“ನೀನು ಒಲೆ ಹೊರೋಕೆ ಬಂದಿರೋದು,” ಎಂದ ಡ್ಯಾಮಿಯನ್.

“ಅದಕ್ಕೇ ಹೇಳ್ತಿದೀನಿ. ನಾನು ಹೊರಲ್ಲ.” ಆತ ಕುರ್ಚಿ ಎಳೆದುಕೊಂಡು ಕೂತ. “ಅಮ್ಮಾ, ಚಕ್ಕೆ ಬೀಳದೇ ಇರೋ ಸ್ಕೋನ್ ಒಂದು ಕೊಡಿ.”

ಡ್ಯಾಮಿಯನ್ ಹೊರಗೆ ಹೋಗಿ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದ. ಒಲೆ ತೆಗೆಯದೆ ಹೋದ. ಹೋಗುವಾಗ ನಮ್ಮಲ್ಲಿ ಯಾರ ಕ್ಷಮೆಯನ್ನೂ ಕೇಳಲಿಲ್ಲ.

ಎಂಟು ದಿನಕ್ಕೆ ಹೊಸ ಕೊಳವೆ ಬಂತು. ಜಾಲರಿ ಇಲ್ಲದ ಹೊಸ ಟೋಪಿಯೂ ಬಂತು. ನ್ಯಾನ್ ಒಂದೇ ಕಡ್ಡಿಯಲ್ಲಿ ಒಲೆ ಹಚ್ಚಿ, ಇಪ್ಪತ್ತು ನಿಮಿಷ ಕಾದು, ಗೀಟಿನವರೆಗೆ ಹಿಡಿ ಎಳೆದು, ಕುರ್ಚಿಯಲ್ಲಿ ಕೂತು ನಿದ್ದೆಹೋದಳು. ಬಾಯಿ ಸ್ವಲ್ಪ ತೆರೆದಿತ್ತು. ಅಷ್ಟು ಹೊತ್ತು ಅವಳು ಕೂತಲ್ಲೇ ಮಲಗಿದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಇಲ್ಲಿಗೆ ಮುಗಿಯಿತು ಎಂದು ಮರ್ವ್ ಹೇಳುತ್ತಾನೆ. “ಒಲೆ ಉಳೀತಲ್ಲ ಎಲ್ವಾ, ಇನ್ನೇನು ಬೇಕು ನಿಂಗೆ?” ಮುಗಿದಿಲ್ಲ. ಹೊಸ ಕೊಳವೆಯ ಜೊತೆ ಒಂದು ಕಾಗದವೂ ಬಂದಿದೆ. ‘ಒಲೆಯನ್ನು ಉಳಿಸಿಕೊಳ್ಳಲು ಅನುಮತಿಸಲಾಗಿದೆ’ ಎಂದಿದೆ. ಅನುಮತಿಯಂತೆ! ಕಡತದಲ್ಲಿರುವ ‘ಅಜಾಗರೂಕ’ ಎಂಬ ಮಾತು ಮಾತ್ರ ಹಾಗೆಯೇ ಇರುತ್ತದೆ. ಅದು ಮನೆಯಲ್ಲಿ ವಾಸಿಸುವವರು ಕೊಟ್ಟ ಹೇಳಿಕೆಯ ಮೇಲೆ ನಿಂತಿದೆಯಂತೆ. ಹೇಳಿಕೆ ಬದಲಾಗಬೇಕಾದರೆ ಅದನ್ನು ಕೊಟ್ಟವರೇ ಆಫೀಸಿಗೆ ಬಂದು, ಅಧಿಕಾರಿಯ ಮುಂದೆ ಬಾಯಲ್ಲಿ ಹೇಳಬೇಕಂತೆ. ಬರೆದು ಕಳಿಸಿದರೆ ಆಗುವುದಿಲ್ಲವಂತೆ.

ನ್ಯಾನ್ ಆ ಕಾಗದವನ್ನು ನನಗೆ ಓದಲು ಕೊಟ್ಟು ಸೌದೆ ತರಲು ಹೋದಳು. ಹೊರಗಿನಿಂದ ಎರಡು ತುಂಡು ಬಡಿದ ಸದ್ದು ಕೇಳಿಸುತ್ತಿತ್ತು. ಠಣ್. ಠಣ್.

ಇದನ್ನು ಒಲೆಯ ಮುಂದೆ ಕೂತು ಬರೆದಿದ್ದೇನೆ. ಹೇಳಬೇಕಾದ ಮಾತನ್ನು ಒಂದು ಚೀಟಿಯಲ್ಲಿ ಬೇರೆಯಾಗಿ ಬರೆದುಕೊಂಡು, ಹೊರಗೆ ಸೌದೆಯ ರಾಶಿಯ ಎದುರು ನಿಂತು ಹನ್ನೊಂದು ಸಲ ಗಟ್ಟಿಯಾಗಿ ಹೇಳಿದ್ದೇನೆ. ಏಳು ಸಲ ಗಂಟಲು ಕಟ್ಟಲಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತೂಕಾಲರ ಬಸ್ಸಿಗೆ ಪೇಟೆಗೆ ಹೋಗಿ, ಆ ಆಫೀಸಿನಲ್ಲಿ ‘ಆದ್ರೆ’ ಎಂಬಲ್ಲಿಂದ ಶುರುಮಾಡಿ ಉಳಿದ ಅರ್ಧವನ್ನು ಹೇಳುತ್ತೇನೆ.